ಅಕ್ಕನ ಮನೆಯ ಬಾಯ್ಲರಿಗೆ ಮೂರು ಕೋಟ್

ಜನರ ಮನೆಗೆ ಹೋಗಿ, ಗೋಡೆ ಕಿಟಕಿಗಳನ್ನು ಅಳೆದು, ಆ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಎಷ್ಟು ದೊಡ್ಡ ಬಾಯ್ಲರ್ ಬೇಕು ಎಂದು ಹೇಳುವುದು ನನ್ನ ಕೆಲಸ. ಹೇಳಿದ ಮೇಲೆ ಇಂತಿಷ್ಟು ಖರ್ಚಾಗುತ್ತದೆ ಎಂದು ಬರೆದುಕೊಡಬೇಕು. ಅದಕ್ಕೆ ಇಲ್ಲಿ ಕೋಟ್ ಎನ್ನುತ್ತಾರೆ. ಬಹಳಷ್ಟು ಮನೆಯವರು ಚಹಾ ಕೊಟ್ಟು, ನಕ್ಕು ಮಾತಾಡಿಸಿ, ಕೊನೆಗೆ ಕೆಲಸವನ್ನು ಬೇರೆಯವರ ಹತ್ತಿರ ಮಾಡಿಸಿಕೊಳ್ಳುತ್ತಾರೆ. ಅದಕ್ಕಾಗಿ ನಾನು ಯಾವತ್ತೂ ಮುಖ ಊದಿಸಿಕೊಂಡವಳಲ್ಲ. ಆದ್ದರಿಂದ ಇದನ್ನು ಕೋಟ್ ಕೈತಪ್ಪಿದವಳ ಗೋಳು ಎಂದು ದಯವಿಟ್ಟು ಯಾರೂ ಓದಬೇಡಿ.

ಜೂನ್ ತಿಂಗಳ, ಎಂದರೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಚಳಿಗಾಲದ, ಒಂದು ಸೋಮವಾರ ಬೆಳಿಗ್ಗೆ ಮೆಲ್ಬರ್ನಿನದೇ ಬಡಾವಣೆಯಾದ ಪಾಯಿಂಟ್ ಕುಕ್‌ನಿಂದ ಅಕ್ಕ ಫೋನ್ ಮಾಡಿದರು.

"ಏನೇ, ನಿನ್ನ ಬಾಯ್ಲರ್ ಪಾಂಡಿತ್ಯ ಊರಿಗೆಲ್ಲಾ ಹಂಚ್ತೀಯ, ನಮಗೂ ಸ್ವಲ್ಪ ಕೊಡು. ಮನೆ ಫ್ರಿಡ್ಜ್ ಆಗೋಗಿದೆ. ಮಗಳು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮೂಟೆ ತರ ಕೂತಿದ್ದಾಳೆ. ಈ ವರ್ಷ ಹನ್ನೆರಡನೇ ಕ್ಲಾಸು ಬೇರೆ."

"ನಾಳೆ ಮುಂಜಾನೆ ಬರ್ತೀನ್ರಿ ಅಕ್ಕಾ. ಅಲ್ಲೀತನಕ ಸ್ವಿಚ್ ಬಂದ್ ಮಾಡಿ ಇಡ್ರಿ."

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಅವರು ಮೈಸೂರಿನವರು, ನಾನು ಧಾರವಾಡದವಳು. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದರು. ಮೆಕ್ಯಾನಿಕಲ್ ಡಿಗ್ರಿ ಇಟ್ಟುಕೊಂಡು ಕೆಲಸ ಸಿಗದೆ ನಾನು ಅಳುತ್ತಾ ಕೂತಿದ್ದಾಗ, ಸ್ಟೇಷನ್ ಹಿಂದಿನ ಕಾರ್ ಪಾರ್ಕಿನಲ್ಲಿ ಭಾನುವಾರಗಳೆಲ್ಲ ಪಕ್ಕದ ಸೀಟಿನಲ್ಲಿ ಕೂತು ಡ್ರೈವಿಂಗ್ ಕಲಿಸಿದವರು ಅವರು. ಹೀಟಿಂಗ್ ಕೋರ್ಸಿಗೆ ಅರ್ಜಿ ತುಂಬಿಸಿದವರೂ ಅವರೇ. "ನೀನು ಇಂಜಿನಿಯರ್ ಕಣೆ, ಗಂಡಸರ ಕೆಲಸ ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳಿಸು" ಎಂದಿದ್ದರು. ಸಿಡ್ನಿಯ ಚಳಿ ನನ್ನ ಕಸುಬಿಗೆ ಸಾಲದು, ಮೆಲ್ಬರ್ನಿನದು ಧಾರಾಳವಾಗಿ ಸಾಕು. ಹಾಗೆ ನಾವು ಇಲ್ಲಿಗೆ ಬಂದೆವು. ಎರಡು ವರ್ಷದ ಮೇಲೆ ಅಕ್ಕನ ಕುಟುಂಬವೂ ಬಂದು ಪಾಯಿಂಟ್ ಕುಕ್‌ನಲ್ಲಿ ಮನೆ ಕೊಂಡಿತು. ಭಾವ ಮಾತ್ರ ನಾರ್ತ್ ಸಿಡ್ನಿಯ ಕೆಲಸ ಬಿಡಲಿಲ್ಲ. ಸೋಮವಾರ ವಿಮಾನದಲ್ಲಿ ಹೋಗಿ ಶುಕ್ರವಾರ ಬರುತ್ತಾರೆ.

ಆ ಮನೆ ಕಟ್ಟಿಸಿದ ಮೊದಲ ಮಾಲೀಕ ಯುರೋಪಿನ ಯಾವುದೋ ಚಳಿ ಸೀಮೆಯವನಂತೆ. ಸುತ್ತಲ ಮನೆಗಳಲ್ಲೆಲ್ಲ ಬಿಸಿಗಾಳಿ ಊದುವ ಯಂತ್ರವಿದ್ದರೆ ಇವನು ತನ್ನ ಊರಿನ ಪದ್ಧತಿ ಹಾಕಿಸಿದ್ದ. ಬಟ್ಟೆ ಒಗೆಯುವ ಕೋಣೆಯ ಗೋಡೆಯ ಮೇಲೆ ಒಂದು ಗ್ಯಾಸ್ ಬಾಯ್ಲರ್. ಅದರಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಬಿಸಿ ಮಾಡಿ ತಣ್ಣಗಾಗಿ ವಾಪಸು ಬರುತ್ತದೆ. ಸ್ನಾನಕ್ಕೂ ಅದೇ ಬಾಯ್ಲರಿನ ಬಿಸಿನೀರು. ನಮ್ಮ ಬಚ್ಚಲ ಹಂಡೆಗೆ ಮನೆಯಿಡೀ ಬೆಚ್ಚಗಿಡುವ ಹೆಚ್ಚುವರಿ ಜವಾಬ್ದಾರಿ ವಹಿಸಿದಂತೆ ಎಂದಿಟ್ಟುಕೊಳ್ಳಿ.

ಮರುದಿನ ಹೋಗಿ ಮುಚ್ಚಳ ಬಿಚ್ಚಿದೆ. ಒತ್ತಡದ ಮುಳ್ಳು ಸೊನ್ನೆಯಲ್ಲಿತ್ತು. ನೀರು ತುಂಬಿ ಮೇಲಕ್ಕೆ ತಂದರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿಯಿತು. ಒಳಗೆ ಬೆಂಕಿಗೂ ನೀರಿಗೂ ನಡುವಿನ ಲೋಹದ ಭಾಗವೇ ಸೀಳಿ ಹನಿಯುತ್ತಿತ್ತು. ಒಂದು ರೇಡಿಯೇಟರಿನ ಗಾಳಿ ಬಿಟ್ಟು ನೋಡಿದರೆ ಕಾಡಿಗೆಯಂಥ ನೀರು ಬಂತು. ಇಪ್ಪತ್ತು ವರ್ಷದ ತುಕ್ಕು.

"ಅಕ್ಕಾ, ಇದರ ಆಯುಷ್ಯ ಮುಗದೈತ್ರಿ. ರಿಪೇರಿ ಮಾಡಿದ್ರ ಬರೇ ರೊಕ್ಕ ದಂಡ. ಹೊಸಾದ ಹಾಕಸ್ರಿ."

"ನೀನು ಹೇಳಿದ್ಮೇಲೆ ಮುಗೀತು. ಯಾವುದು ಹಾಕಿಸ್ಬೇಕು ಹೇಳು."

ಅದನ್ನು ಹೇಳುವುದಕ್ಕೆ ಮೂರು ಗಂಟೆ ಹಿಡಿಯಿತು. ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ, ಕಿಟಕಿಯ ಗಾಜು ಒಂದು ಪದರವೋ ಎರಡೋ, ಯಾವ ಗೋಡೆಗೆ ಗಾಳಿ ಹೊಡೆಯುತ್ತದೆ, ಎಲ್ಲ ಬೇಕು. ಮಾಳಿಗೆಯ ಕಿಂಡಿಯಿಂದ ಮೇಲೆ ಹತ್ತಿ ಚಳಿ ತಡೆಯಲೆಂದು ಛಾವಣಿಯಡಿ ಹಾಸಿದ ಉಣ್ಣೆಯ ದಪ್ಪ ನೋಡಿದೆ. ಅರ್ಧ ಕಡೆ ಇಲಿ ಎಳೆದಾಡಿತ್ತು. ಲೆಕ್ಕ ಹಾಕಿದರೆ ಹಳೆಯ ಬಾಯ್ಲರ್ ಆ ಮನೆಗೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು ಎಂದು ಗೊತ್ತಾಯಿತು. ದೊಡ್ಡದಿದ್ದರೆ ಒಳ್ಳೆಯದು ಎಂದುಕೊಳ್ಳುವವರೇ ಜಾಸ್ತಿ. ದೊಡ್ಡ ಬಾಯ್ಲರ್ ಹತ್ತು ನಿಮಿಷ ಉರಿದು ಆರುತ್ತದೆ, ಮತ್ತೆ ಹೊತ್ತುತ್ತದೆ, ಹೀಗೆ ಹೊತ್ತಿ ಆರಿಯೇ ಬೇಗ ಸಾಯುತ್ತದೆ. ಗ್ಯಾಸ್ ಬಿಟ್ಟು ಕರೆಂಟಿನ ಹೀಟ್ ಪಂಪ್ ಹಾಕಬಹುದೇ ಎಂದೂ ನೋಡಿದೆ. ಅದು ಕೊಡುವ ನೀರು ಅಷ್ಟು ಬಿಸಿಯಿರುವುದಿಲ್ಲ, ಹನ್ನೊಂದು ರೇಡಿಯೇಟರುಗಳನ್ನೂ ಕಿತ್ತು ದೊಡ್ಡವು ಹಾಕಬೇಕಾಗುತ್ತಿತ್ತು. ಪರೀಕ್ಷೆಯ ವರ್ಷ ಗೋಡೆ ಒಡೆಯುವುದು ಬೇಡ ಎಂದರು ಅಕ್ಕ.

ಇನ್ನುಳಿದದ್ದು ಹೊಗೆ ಕೊಳವೆ. ಹೊಸ ಬಾಯ್ಲರ್ ತನಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು, ಹೊಗೆಯನ್ನೂ ಹೊರಗೇ ಬಿಡುತ್ತದೆ. ಒಂದರೊಳಗೊಂದು ಎರಡು ಕೊಳವೆ, ಒಂದೇ ಬಾಯಿ. ಆ ಬಾಯಿ ಎಲ್ಲಿ ಬರಬೇಕು ಎನ್ನುವುದೇ ಪ್ರಶ್ನೆ. ಒಂದನೆಯ ದಾರಿ, ಗೋಡೆಗೆ ತೂತು ಕೊರೆದು ನೇರವಾಗಿ ಹಿಂದಿನ ವರಾಂಡಕ್ಕೆ ಬಿಡುವುದು. ವರಾಂಡಕ್ಕೆ ಮೇಲೆ ಛಾವಣಿಯಿದ್ದರೂ ಎರಡು ಬದಿ ಪೂರ್ತಿ ತೆರೆದಿತ್ತು, ನಿಯಮ ಒಪ್ಪುತ್ತದೆ, ಕೆಲಸವೂ ಹಗುರ. ಎರಡನೆಯ ದಾರಿ, ಕೊಳವೆಯನ್ನು ಮೇಲಕ್ಕೆ ಒಯ್ದು ಹೆಂಚು ದಾಟಿಸುವುದು. ಇನ್ನೊಂದು ದಿನದ ಕೆಲಸ, ಇನ್ನಷ್ಟು ಖರ್ಚು.

"ಈ ವರಾಂಡ ಹಿಂಗ ಇರ್ತೈತೋ, ಏನಾರ ಮಾಡಸ್ತೀರಿ?" ಎಂದು ಕೇಳಿದೆ. ಇದನ್ನು ಕೇಳಲೇಬೇಕೆಂದು ನನಗೆ ಕಲಿಸಿದ್ದಾರೆ.

"ನಿಮ್ಮ ಭಾವಂಗೆ ಆಸೆ ಇದೆ, ಸುತ್ತ ಆ ಪ್ಲಾಸ್ಟಿಕ್ ಬ್ಲೈಂಡ್ಸ್ ಇಳಿಬಿಟ್ಟು ರೂಮ್ ತರ ಮಾಡೋಣ ಅಂತ. ಯಾವತ್ತೋ ಏನೋ."

ಊಟದ ಮೇಜಿನ ಮೇಲೆ ಹಾಳೆ ಹರಡಿ ಮನೆಯ ನಕ್ಷೆ ಬರೆದೆ. ಕೋಣೆಗಳ ಹೆಸರನ್ನು ಕನ್ನಡದಲ್ಲೇ ಬರೆದೆ: ಪಡಸಾಲೆ, ಅಡುಗೆಮನೆ, ಮಗಳ ಕೋಣೆ, ದೇವರಮನೆ. ಒಂದೊಂದಕ್ಕೂ ಎಷ್ಟು ಶಾಖ ಬೇಕು, ಕೊಳವೆಗಳ ದಾರಿ, ಬಾಯ್ಲರಿನ ಗಾತ್ರ, ಹೊಗೆ ಕೊಳವೆಯ ಎರಡೂ ದಾರಿ, ಎಲ್ಲವನ್ನೂ ಹಾಕಿದೆ. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಬರೆದೆ: 'ವರಾಂಡ ಮುಚ್ಚುವುದಾದರೆ ಒಂದನೆಯ ದಾರಿ ಬೇಡವೇ ಬೇಡ. ವಿಷಗಾಳಿ ಒಳಗೇ ನಿಲ್ಲುತ್ತದೆ. ಎರಡನೆಯದನ್ನೇ ಮಾಡಿಸಬೇಕು.' ಅದರ ಪಕ್ಕ ನನ್ನ ಹೆಸರು, ಕಂಪನಿಯ ಹೆಸರು, ಸಹಿ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಮೂವತ್ತು ವರ್ಷ ಈ ಕಸುಬು ಮಾಡಿದ ನಮ್ಮ ಬಾಸ್ ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಒಂದೇ: ದರ ಮಾತ್ರ ಕೊಟ್ಟು ಬಾ, ಅಳತೆಯ ಹಾಳೆ ನಿನ್ನ ಚೀಲದಲ್ಲೇ ಇರಲಿ. ಹಾಳೆ ಬೇಕೆಂದವರು ಅದಕ್ಕೊಂದು ಶುಲ್ಕ ಕಟ್ಟಬೇಕು, ಸಹಿ ಮಾಡಬೇಕು. ಆದರೆ ಅಕ್ಕ ಬಿಸಿ ಒಗ್ಗರಣೆ ಅವಲಕ್ಕಿಯ ತಟ್ಟೆ ಮುಂದಿಟ್ಟು, "ಎಷ್ಟು ಚೆನ್ನಾಗಿ ಬರೆದಿದ್ದೀಯೇ, ಇದು ಇಲ್ಲೇ ಇರಲಿ, ಅವರಿಗೂ ತೋರಿಸ್ತೀನಿ" ಎಂದಾಗ, ಆ ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ಹಾಕುವುದು ಹೇಗೆ? ಅಕ್ಕನ ಹತ್ತಿರ ಶುಲ್ಕ, ಸಹಿ ಎಂದರೆ ನಾಲಿಗೆಯಾದರೂ ಹೊರಳುತ್ತದೆಯೇ? ಹಾಳೆ ಅಲ್ಲೇ ಬಿಟ್ಟು, ಅವಲಕ್ಕಿ ಎರಡು ಸಲ ಹಾಕಿಸಿಕೊಂಡು ತಿಂದು ಬಂದೆ. ದರವನ್ನು ಸಂಜೆ ಕಳಿಸಿದೆ. ಬಾಸ್‌ನನ್ನು ಕಾಡಿ ಬೇಡಿ ನಮ್ಮ ಲಾಭದ ಪಾಲನ್ನೂ ಅದರಿಂದ ತೆಗೆಸಿದ್ದೆ.

ಎರಡು ವಾರ ಸದ್ದಿಲ್ಲ. ಆಮೇಲೊಂದು ಮೆಸೇಜ್ ಬಂತು. 'ಬೇಜಾರ್ ಮಾಡ್ಕೋಬೇಡ ಕಣೆ. ನಿಮ್ಮ ಭಾವ ಮೂರು ಕೋಟ್ ತಗೊಂಡು ಬೇರೆಯವರಿಗೆ ಕೊಟ್ರು. ಅವರ ಆಫೀಸಲ್ಲಿ ಎಲ್ಲಾ ಹೀಗೇ ಅಂತೆ. ಭಾನುವಾರ ಊಟಕ್ಕೆ ಬಾ.' ಸ್ವಲ್ಪ ಚುರುಕ್ ಎಂದದ್ದು ನಿಜ. ಆದರೆ ಮನೆ ಅವರದು, ಹಣ ಅವರದು. 'ಏನೂ ಬೇಜಾರಿಲ್ರಿ ಅಕ್ಕಾ' ಎಂದು ಉತ್ತರ ಬರೆದೆ, ಮತ್ತು ಆಗ ಅದು ಸುಳ್ಳಾಗಿರಲಿಲ್ಲ.

ಅದು ಸುಳ್ಳಾದದ್ದು ನಾಲ್ಕು ದಿನದ ಮೇಲೆ, ಪ್ಲಂಬರುಗಳು ಸಾಮಾನು ಕೊಳ್ಳುವ ಗೋದಾಮಿನ ಕೌಂಟರಿನಲ್ಲಿ. ನನ್ನ ಮುಂದೆ ನಿಂತಿದ್ದ ಗಡ್ಡದ ಫಿಟರ್ ಒಬ್ಬ ರೇಡಿಯೇಟರ್ ವಾಲ್ವುಗಳ ಪಟ್ಟಿ ಕೊಡುತ್ತಿದ್ದ. ನನ್ನ ಮುಖ ನೋಡಿ, ನೀನು ಇಂಡಿಯನ್ ಅಲ್ಲವೇ, ಈ ಲಿಪಿ ಓದಲು ಬರುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿ ಫೋನ್ ಚಾಚಿದ. ಈ ಕೋಣೆಗೆ ಮಾತ್ರ ರೇಡಿಯೇಟರ್ ಇಲ್ಲವಲ್ಲ, ಇದು ಯಾವ ಕೋಣೆ, ಇದಕ್ಕೂ ವಾಲ್ವ್ ಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದ.

ಫೋನಿನಲ್ಲಿದ್ದದ್ದು ನನ್ನ ಅಕ್ಷರ. ಅವನ ಬೆರಳು ಇದ್ದದ್ದು ದೇವರಮನೆಯ ಮೇಲೆ.

"ಪ್ರೇಯರ್ ರೂಮ್. ಬೇಡ" ಎಂದೆ. ಯಾರು ಬರೆದದ್ದು ಇದು ಎಂದು ಕೇಳಿದೆ.

ಮನೆಯ ಯಜಮಾನ ಇಂಜಿನಿಯರಂತೆ, ತಾನೇ ಕೂತು ಎಲ್ಲ ಲೆಕ್ಕ ಹಾಕಿ ಕೊಟ್ಟಿದ್ದಾನೆ, ಇಷ್ಟು ಅಚ್ಚುಕಟ್ಟಾದ ಹಾಳೆ ಕೊಟ್ಟ ಗಿರಾಕಿಯನ್ನು ತಾನು ಕಂಡೇ ಇಲ್ಲ, ಅಳತೆಯ ಕೆಲಸವೇ ಉಳಿದಿದ್ದರಿಂದ ದರವನ್ನೂ ಇಳಿಸಿದೆ ಎಂದು ಖುಷಿಯಿಂದ ಹೇಳಿದ.

ನಾನು ಹಾಳೆಯನ್ನು ಮತ್ತೆ ನೋಡಿದೆ. ಕೆಳಗಿನ ಭಾಗವಿರಲಿಲ್ಲ. ಹಾಳೆಯನ್ನು ಅಲ್ಲಿಗೆ ಮಡಚಿ ಫೋಟೊ ತೆಗೆದಿದ್ದರು, ಮಡಿಕೆಯ ಅಂಚು ಚೆನ್ನಾಗಿ ಕಾಣುತ್ತಿತ್ತು. ನನ್ನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. ಅದರ ಪಕ್ಕದ ಮೂರು ಸಾಲುಗಳೂ ಇಲ್ಲ.

ಅವನಿಗೆ ಆಗಲೇ ಒಂದು ಮಾತು ಹೇಳಬಹುದಿತ್ತು. ಆ ವರಾಂಡ ಮುಚ್ಚುವವರಿದ್ದಾರೆ, ಕೊಳವೆಯನ್ನು ಮೇಲಕ್ಕೆ ಒಯ್ಯಿ ಎಂದರೆ ಸಾಕಿತ್ತು. ಹೇಳಲಿಲ್ಲ. ನನ್ನ ಮೂರು ಗಂಟೆಯ ಲೆಕ್ಕ ಭಾವನ ಪಾಂಡಿತ್ಯವಾಗಿತ್ತು, ನನ್ನ ಹೆಸರು ಮಡಿಕೆಯ ಹಿಂದೆ ಹೋಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಸರಿ. ಆದರೆ ಹಿತ್ತಲ ಗಿಡದ ಎಲೆಯನ್ನೇ ಕಿತ್ತು ಬೇರೆ ವೈದ್ಯನ ಕೈಲಿ ಅರೆಸಿಕೊಂಡರೆ ಅದಕ್ಕೆ ಏನೆನ್ನಬೇಕು? ವರಾಂಡ ಮುಚ್ಚುವುದು 'ಯಾವತ್ತೋ' ತಾನೆ, ಆಗ ನೋಡಿಕೊಳ್ಳಲಿ, ಮಾಡಿದ್ದುಣ್ಣೋ ಮಹಾರಾಯ, ಎಂದುಕೊಂಡು ನನ್ನ ಸಾಮಾನು ಎತ್ತಿಕೊಂಡು ಬಂದೆ. ಈ ಕಸುಬಿನಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಕೆಲಸ ಅದು. ಅಕ್ಕನ ಮೇಲೆ ಹೊರಿಸಲು ಬರುವಂಥದ್ದಲ್ಲ.

ಹಾಳೆ ಬಿಟ್ಟು ಬಂದ ನಿಜವನ್ನಷ್ಟೇ ಬಾಸ್‌ಗೆ ಹೇಳಿದೆ. ಅವನು ಬೈಯಲಿಲ್ಲ. ಸ್ವಲ್ಪ ದಿನ ಮನೆಗಳಿಗೆ ಹೋಗಬೇಡ, ಆಫೀಸಿನಲ್ಲಿ ಕೂತು ಬೇರೆಯವರ ಹಾಳೆಗಳನ್ನು ಟೈಪ್ ಮಾಡು ಎಂದ. ಬೈದಿದ್ದರೇ ವಾಸಿಯಿತ್ತು. ಜುಲೈ ಪೂರ್ತಿ ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ. ಅವರು ಮಾಡಿದಾಗ ಎತ್ತಿ, ಕೆಲಸ ಜಾಸ್ತಿ ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಅವರು, ಮಗಳಿಗೆ ಓದಲು ಕೂತರೆ ತಲೆನೋವು ಬರುತ್ತದೆ, ಕನ್ನಡಕ ಬೇಕೇನೋ ಎಂದರು. ತೋರಿಸಿರಿ ಎಂದೆ ಅಷ್ಟೆ.

ಆಗಸ್ಟಿನ ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಕನ್ನಡದವರ ಗುಂಪಿನಲ್ಲಿ ಅಕ್ಕನ ಆಹ್ವಾನ ಬಂತು. ನಾಳೆ ಹನ್ನೊಂದಕ್ಕೆ ಸತ್ಯನಾರಾಯಣ ಪೂಜೆ, ಹೊಸ ವರಾಂಡದಲ್ಲಿ, ಎಲ್ಲರೂ ಬನ್ನಿ. ಜೊತೆಗೊಂದು ಫೋಟೊ. ವರಾಂಡದ ಸುತ್ತ ಪಾರದರ್ಶಕ ಪ್ಲಾಸ್ಟಿಕ್ಕಿನ ಪರದೆಗಳು ನೆಲದವರೆಗೆ ಇಳಿದು, ಕೆಳಗೆ ಪಟ್ಟಿ ಹಾಕಿ ಬಿಗಿದಿದ್ದವು. ಜಮಖಾನ ಹಾಸಿತ್ತು. ಒಂದು ಮೂಲೆಯಲ್ಲಿ ಮಗಳ ಓದುವ ಮೇಜು, ಅದರ ಮೇಲೆ ಪುಸ್ತಕಗಳು. ಮೇಜಿನಿಂದ ಎರಡು ಮಾರು ದೂರದ ಗೋಡೆಯಲ್ಲಿ, ಅಂಗೈ ಅಗಲದ ಬಿಳಿ ಕೊಳವೆಯ ಬಾಯಿ. ಪರದೆಗಳ ಮೇಲೆ ನೀರು ಹನಿಹನಿಯಾಗಿ ಇಳಿದಿತ್ತು.

ಕೊಳವೆಯ ಬಾಯಿ ಮುಚ್ಚಿದ ಜಾಗದಲ್ಲಿದ್ದರೆ ಬಾಯ್ಲರ್ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಒಳಗೆಳೆದುಕೊಂಡು ಉರಿಯುತ್ತದೆ. ಉರಿ ಕೆಡುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ, ಅದರಾಚೆಗೆ ಏಳುವುದೇ ಇಲ್ಲ. ತಲೆನೋವಿನ ಮಾತು ನನ್ನ ಕಿವಿಗೆ ಬಿದ್ದು ಮೂರು ವಾರವಾಗಿತ್ತು.

ತಕ್ಷಣ ಫೋನ್ ಮಾಡಿದೆ. ಎತ್ತಲಿಲ್ಲ, ಪೂಜೆಯ ಸಾಮಾನಿಗೆ ಹೋಗಿದ್ದರಂತೆ. ಬಾಯ್ಲರ್ ಬಂದ್ ಮಾಡಿ, ಪರದೆ ಎತ್ತಿ, ಮಗಳನ್ನು ಅಲ್ಲಿ ಕೂಡಿಸಬೇಡಿ ಎಂದು ಮೆಸೇಜ್ ಹಾಕಿ, ಬಾಸ್‌ಗೆ ಹೇಳಿ, ಅಲ್ಲಿಂದಲೇ ಕಾರು ಹತ್ತಿದೆ. ಫ್ರೀವೇ ಉದ್ದಕ್ಕೂ, ಆ ಗಡ್ಡದವನಿಗೆ ಆಡದೆ ಉಳಿಸಿಕೊಂಡ ಒಂದು ಮಾತನ್ನೇ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬಾಗಿಲು ತೆರೆದವರು ಭಾವ. ಪೂಜೆಗೆಂದು ಆ ವಾರ ರಜೆ ಹಾಕಿದ್ದರು.

"ಓ, ಬಾಮ್ಮ. ಪೂಜೆ ನಾಳೆ, ಇವತ್ತಲ್ಲ."

"ಬಾಯ್ಲರ್ ಚಾಲೂ ಐತೇನ್ರಿ ಭಾವ? ಮಗಳೆಲ್ಲಿ ಅದಾಳ?"

"ಇವತ್ತು ಸ್ಕೂಲಿಲ್ಲ, ಹಿಂದೆ ಓದ್ತಾ ಇದ್ದಾಳೆ. ಏನಾಯ್ತು?"

ಚಪ್ಪಲಿ ಬಿಡದೆ ನೇರ ಹಿಂದಕ್ಕೆ ನಡೆದೆ. ನಮ್ಮ ಕಸುಬಿನವರು ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರವಿದೆ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಆ ವಿಷ ಮೂವತ್ತು ದಾಟಿದರೆ ಕೂಗುವಂತೆ ಇಟ್ಟಿರುತ್ತೇವೆ. ವರಾಂಡದ ಬಾಗಿಲು ಸರಿಸಿ ಎರಡು ಹೆಜ್ಜೆ ಇಟ್ಟಾಗ ಹನ್ನೆರಡು, ಇಪ್ಪತ್ತಾರು, ಐವತ್ತು ಎಂದು ಏರಿ ಕಿರುಚತೊಡಗಿತು. ಹುಡುಗಿ ಮೇಜಿನ ಮೇಲೆ ತೋಳಿಟ್ಟು, ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ರಟ್ಟೆ ಹಿಡಿದು ಎಳೆದೆ. ಕಣ್ಣು ಬಿಟ್ಟಳು. ನನಗೆ ಜೀವ ಬಂದದ್ದು ಆಗ.

ಅವಳನ್ನು ಹಿತ್ತಲ ಹುಲ್ಲಿನ ಮೇಲೆ ಕೂಡಿಸಿ, ಪರದೆಗಳ ಪಟ್ಟಿ ಬಿಚ್ಚಿ ಮೇಲಕ್ಕೆ ಸುತ್ತಿ, ಒಳಗೆ ಹೋಗಿ ಬಾಯ್ಲರಿನ ಸ್ವಿಚ್ ಆರಿಸಿದೆ. ಅಷ್ಟರಲ್ಲಿ ಅಕ್ಕ ಹೂವು ಹಣ್ಣಿನ ಚೀಲ ಹಿಡಿದು ಬಂದರು. ಯಂತ್ರ ಇನ್ನೂ ಕೂಗುತ್ತಿತ್ತು.

"ಏನಿದು ಗಲಾಟೆ?"

"ಹೀಟಿಂಗ್ ಆಫ್ ಮಾಡಿಬಿಟ್ಲು" ಎಂದರು ಭಾವ. ಅವರ ದನಿಯಲ್ಲಿ ಸಿಟ್ಟಿತ್ತು. "ನೋಡಮ್ಮ, ಕೋಟ್ ನಿನಗೆ ಸಿಗಲಿಲ್ಲ ಅಂತ ಬೇಜಾರಿರಬಹುದು. ಅದಕ್ಕೆ ಪೂಜೆ ಹಿಂದಿನ ದಿನ ಬಂದು ಹೀಗೆ ಹೆದರಿಸೋದಾ? ಅವನು ಲೈಸೆನ್ಸ್ ಇರೋ ಫಿಟರ್. ಸರ್ಟಿಫಿಕೇಟ್ ಕೊಟ್ಟಿದ್ದಾನೆ."

"ಅಂವಾ ಸರ್ಟಿಫಿಕೇಟ್ ಕೊಟ್ಟಾಗ ಈ ಪರದೆ ಇದ್ದವೇನ್ರಿ?"

ಹುಲ್ಲಿನ ಮೇಲೆ ಕೂತಿದ್ದ ಮಗಳು ಹಣೆ ಒತ್ತಿಕೊಳ್ಳುತ್ತಾ ಹೇಳಿದಳು: "ಅಮ್ಮಾ, ಐ ಟೋಲ್ಡ್ ಯೂ. ಇಟ್ ಓನ್ಲಿ ಹರ್ಟ್ಸ್ ವೆನ್ ಐ ಸಿಟ್ ಹಿಯರ್."

ಆಮೇಲೆ ಯಾರೂ ವಾದ ಮಾಡಲಿಲ್ಲ. ರಕ್ತ ಪರೀಕ್ಷೆ ಆಗಲೇಬೇಕು, ಕಾರ್ಬನ್ ಮಾನಾಕ್ಸೈಡ್ ಎಂದು ಹೇಳಿ ಎಂದೆ. ಭಾವ ಮಗಳನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ಫಿಟರ್‌ಗೆ ಫೋನ್ ಮಾಡಿದರು. ಗಡ್ಡದವನು ಒಂದು ಗಂಟೆಯಲ್ಲಿ ಬಂದ. ಸುತ್ತಿಟ್ಟ ಪರದೆಗಳನ್ನು ಒಮ್ಮೆ, ಕೊಳವೆಯನ್ನು ಒಮ್ಮೆ ನೋಡಿ ಬಿಳಿಚಿಕೊಂಡ. ಗ್ಯಾಸಿನ ವಾಲ್ವ್ ಮುಚ್ಚಿ, ಬಳಸಬಾರದು ಎಂಬ ಕೆಂಪು ಚೀಟಿ ಕಟ್ಟಿದ. ಈ ಜಾಗ ಮುಚ್ಚುತ್ತಾರೆಂದು ತನಗೆ ಯಾರೂ ಹೇಳಲಿಲ್ಲ ಎಂದ. ನನ್ನ ಗುರುತು ಹಿಡಿದು, ಕೌಂಟರಿನಲ್ಲಿ ಸಿಕ್ಕವಳಲ್ಲವೇ ಎಂದು ಕೇಳಿದ. ಹೌದು ಎಂದೆ. ಅವನ ಕಣ್ಣು ನೋಡಲು ನನ್ನಿಂದಾಗಲಿಲ್ಲ.

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಮೇಜಿನ ಮೇಲೆ ಬಾಳೆಹಣ್ಣು, ರವೆಯ ಪೊಟ್ಟಣ, ಬಿಡಿ ಹೂವು. ಅಕ್ಕ ಫೋನನ್ನೇ ನೋಡುತ್ತಿದ್ದರು. ಕೊನೆಗೆ ಭಾವನ ಮೆಸೇಜ್ ಬಂತು: ಆಮ್ಲಜನಕ ಕೊಡುತ್ತಿದ್ದಾರೆ, ಮಾತಾಡುತ್ತಿದ್ದಾಳೆ, ಸಂಜೆಯವರೆಗೆ ಇಟ್ಟುಕೊಂಡು ಕಳಿಸುತ್ತಾರಂತೆ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಕೇಳಿದೆ.

"ಹಾಳಿ ಯಾಕ ಮಡಚಿದ್ರಿ ಅಕ್ಕಾ?"

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಿಮ್ಮ ಭಾವ ಹೇಳಿದ್ರು. ಮೂರೂ ಜನಕ್ಕೆ ಸ್ಕೋಪ್, ಅಂದ್ರೆ ಕೆಲಸದ ವಿವರ, ಒಂದೇ ಇರಬೇಕಂತೆ, ಆಗಲೇ ಕಂಪೇರ್ ಮಾಡೋಕೆ ಆಗೋದಂತೆ. ಮೊದಲನೇ ಪಾರ್ಟಿ ಹೆಸರು ಕಾಣಬಾರದಂತೆ. ಆಫೀಸ್ ರೂಲು. ಫೋನಲ್ಲಿ ಹೇಳಿದ್ರು, ನಾನು ಮಡಚಿ ಫೋಟೊ ತೆಗೆದೆ."

"ಭಾವ ಹಾಳಿ ಪೂರಾ ನೋಡಿರ್ಲಿಲ್ಲೇನ್ರಿ?"

"ಇಲ್ಲ. ಫೋಟೊ ಅಷ್ಟೇ."

ನನಗೆ ಒಂದು ಕ್ಷಣ ಹಗುರವಾಯಿತು. ಹಾಗಾದರೆ ಇದು ಅವಸರದ ಕೆಲಸ, ಹೆಸರು ಮುಚ್ಚಲು ಹೋಗಿ ಗೊತ್ತಿಲ್ಲದೆ ಆ ಸಾಲುಗಳೂ ಮುಚ್ಚಿಹೋಗಿವೆ. ಭಾವ ಆಫೀಸಿನ ರೀತಿಯನ್ನು ಮನೆಗೆ ತಂದ ಮನುಷ್ಯ, ಬೈದು ಮರೆಯಬಹುದು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಬಿಡಲಿಲ್ಲ.

"ಕೆಳಗ ಬರದಿದ್ನೆಲ್ರಿ, ವರಾಂಡ ಮುಚ್ಚಿದ್ರ ಬ್ಯಾಡ ಅಂತ. ಅದನ್ನ ನೀವೂ ಓದಿರ್ಲಿಲ್ಲೇನು?"

ಅಕ್ಕ ಹೂವಿನ ಪೊಟ್ಟಣದ ದಾರ ಬಿಚ್ಚುತ್ತಾ ಕೂತರು.

"ಓದಿದ್ದೆ ಕಣೆ."

"ಮತ್ತ?"

"ಎರಡನೇದಕ್ಕೆ ಜಾಸ್ತಿ ಆಗತ್ತೆ ಅಂದಿದ್ದೆಯಲ್ಲ. ಅದಕ್ಕೇ ಹಾಗೆ ಹೆದರಿಸಿ ಬರೆದಿದ್ದೀಯ ಅಂದ್ಕೊಂಡೆ. ಕಂಪನಿಯವರು ಹೇಳ್ಕೊಟ್ಟಿರ್ತಾರೆ, ನೀನು ತಾನೆ ಏನ್ಮಾಡ್ತೀಯ, ನಿನ್ನ ಹೊಟ್ಟೆಪಾಡು ಅಂತ. ಪರದೆ ಹಾಕಿಸುವಾಗಲೂ ನೆನಪಾಯ್ತು. ಸೇಲ್ಸ್‌ನೋರ ಮಾತು, ಬಿಡು ಅಂದ್ಕೊಂಡೆ."

ಅವರು ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ತಡೆಯಲಾರದ್ದಾಯಿತು. ಕೋಟ್ ಬೇರೆಯವರಿಗೆ ಕೊಟ್ಟದ್ದನ್ನು ಸಹಿಸಿದ್ದೆ. ಹಾಳೆ ದಾಟಿಸಿದ್ದನ್ನು, ಹೆಸರು ಮುಚ್ಚಿದ್ದನ್ನು ಬೈದುಕೊಂಡಾದರೂ ಸಹಿಸುತ್ತಿದ್ದೆ. ಆದರೆ ನಾನು ಅವರ ಊಟದ ಮೇಜಿನ ಮೇಲೆ, ಅವರ ಮಗಳ ಜೀವದ ಬಗ್ಗೆ ಬರೆದ ಮೂರು ಸಾಲನ್ನು, ನನ್ನನ್ನು ಈ ಕಸುಬಿಗೆ ಕಳಿಸಿದ ಅಕ್ಕ, ಮಾರುವವಳ ಮಾತು ಎಂದು ಪಕ್ಕಕ್ಕಿಟ್ಟಿದ್ದರು. ಅಂದು ಅವರ ಮನೆಯಲ್ಲಿ ಅವಲಕ್ಕಿ ತಿನ್ನುತ್ತಾ ಕೂತವಳು ತಂಗಿಯಲ್ಲ, ಯಾವುದೋ ಕಂಪನಿಯ ಹೆಂಗಸು. ಅದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ನನ್ನ ಪಾಲಿನದನ್ನೂ ಹೇಳಿದೆ. ಕೌಂಟರಿನಲ್ಲಿ ಫಿಟರ್ ಸಿಕ್ಕಿದ್ದು, ಸಿಟ್ಟಿಗೆ ಬಾಯಿ ಮುಚ್ಚಿಕೊಂಡು ಬಂದದ್ದು, ಎಲ್ಲ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಇಬ್ಬರೂ ಸೇರಿ ಮಾಡಿದ್ದನ್ನು ಆ ಹುಡುಗಿ ಮೂರು ವಾರ ಉಸಿರಾಡಿದ್ದಳು.

ಪೂಜೆ ಮುಂದಕ್ಕೆ ಹೋಯಿತು. ಸೋಮವಾರ ಭಾವ ನಮ್ಮ ಆಫೀಸಿಗೇ ಫೋನ್ ಮಾಡಿ, ಕೊಳವೆಯನ್ನು ಮೇಲಕ್ಕೆ ಒಯ್ಯುವ ಕೆಲಸ ನೀವೇ ಮಾಡಿ, ಬೇರೆ ಕೋಟ್ ಬೇಡ ಎಂದರಂತೆ. ಬಾಸ್ ನನ್ನ ಮುಂದೆ ನಿಂತು, ಹೋಗುತ್ತೀಯಾ, ಬೇರೆಯವರನ್ನು ಕಳಿಸಲೇ ಎಂದು ಕೇಳಿದ. ನಾನೇ ಹೋಗುತ್ತೇನೆ ಎಂದೆ.

ಈ ಸಲ ಕಂಪನಿಯ ಟ್ಯಾಬ್ಲೆಟ್ ಒಯ್ದೆ. ಅಳತೆ ತೆಗೆದೆ, ಮಾಳಿಗೆ ಹತ್ತಿ ಇಳಿದೆ, ಎಚ್ಚರಿಕೆಯ ಸಾಲುಗಳನ್ನು ಇಂಗ್ಲಿಷಿನಲ್ಲಿ ಅಚ್ಚಿನ ಅಕ್ಷರದಲ್ಲಿ ಹಾಕಿದೆ. ಅಳತೆಯ ಶುಲ್ಕವನ್ನೂ ಹಾಕಿದೆ. ಓದಿ ಸಹಿ ಮಾಡಿ ಎಂದೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು, ಬೆರಳಿನಿಂದಲೇ ಗಾಜಿನ ಮೇಲೆ ಸಹಿ ಮಾಡಿದರು. ತಿಂಡಿ ತಿನ್ನು ಎಂದರು. ಇನ್ನೊಂದು ಮನೆಗೆ ಹೋಗಬೇಕು ಎಂದೆ. ಬಲವಂತ ಮಾಡಲಿಲ್ಲ.

ಬಾಗಿಲವರೆಗೆ ಬಂದರು. ನಾನು ಬೂಟಿನ ದಾರ ಕಟ್ಟಿಕೊಂಡು ಎದ್ದು ನಿಂತಾಗ, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಅಕ್ಕ ಹೇಳಿದರು:

"ಥ್ಯಾಂಕ್ ಯೂ ಸೋ ಮಚ್ ಅಮ್ಮ. ತುಂಬಾ ಉಪಕಾರ ಆಯ್ತು."

ಇಷ್ಟು ವರ್ಷಗಳಲ್ಲಿ ಅಕ್ಕ ನನಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಪರವಾಗಿಲ್ಲ ಮೇಡಂ ಎಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು, ಕಾರಿನ ಕಡೆ ನಡೆದೆ.